ಬೇರೆ ಗಾಡಿಯ ಕ್ಯಾಲಿಪರ್ ಹಾಕಿದರೆ ಬ್ರೇಕ್ ಜೋರಾಗುತ್ತಾ?

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಲೇನ್ ಆದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕಾರು ಹುಚ್ಚಿನ ಹುಡುಗರ ಮಾತೇ ಬದಲಾಗಿದೆ. ಮೊದಲು ಹೊಂಡ, ಸಸ್ಪೆನ್ಷನ್, ಮೈಲೇಜ್ ಅಂತಿದ್ದವರು ಈಗ ಬ್ರೇಕ್ ವಿಷಯ ಕೇಳುತ್ತಾರೆ. ಹಳೆಯ ಸ್ಪೋರ್ಟ್ಸ್ ಕಾರನ್ನೋ, ಎಂಜಿನ್ ಜೋರಿರುವ ಸಣ್ಣ ಕಾರನ್ನೋ ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ದೊಡ್ಡ ಗಾಡಿಯ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಭಾಗ, ತಂದು ಹಾಕುವ ಆಸೆ. ಚೆನ್ನೈಯ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂನಂಥ ಹಳೇ ಸಾಮಾನಿನ ಪೇಟೆಗಳಲ್ಲಿ ಹುಡುಕಿದರೆ ಅಂಥವು ಸಿಗುತ್ತವೆ. ಕೆಂಪು ಬಣ್ಣ ಬಳಿದು, ಚಕ್ರದ ಕಡ್ಡಿಗಳ ನಡುವೆ ಕಾಣುವ ಹಾಗೆ ಕೂರಿಸಿದರೆ ನೋಡಲೂ ಚೆಂದ.

"ಭಾವ, ನಾಲ್ಕು ಪಿಸ್ಟನಿನದ್ದು ಹಾಕಿಸಿದರೆ ಗಾಡಿ ಅಲ್ಲಲ್ಲೇ ನಿಲ್ಲುತ್ತದಂತೆ, ಹೌದಾ?" ಈ ಪ್ರಶ್ನೆಗೆ ಹೌದು ಅಂತಲೂ ಇಲ್ಲ ಅಂತಲೂ ಒಂದೇ ಮಾತಲ್ಲಿ ಹೇಳಲಾಗದು. ಬ್ರೇಕ್ ಅನ್ನುವುದು ಒಂದು ಬಿಡಿಭಾಗ ಅಲ್ಲ. ಪೆಡಲಿನಿಂದ ಟಯರಿನವರೆಗೆ ಒಂದಕ್ಕೊಂದು ಲೆಕ್ಕ ಹಾಕಿ ಜೋಡಿಸಿದ ಸರಣಿ. ನಡುವಿನ ಒಂದನ್ನು ಬದಲಿಸಿದರೆ ಉಳಿದವಕ್ಕೆ ಏನಾಗುತ್ತದೆ ಅನ್ನುವುದು ಗೊತ್ತಿದ್ದರೆ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ಬ್ರೇಕಿನ ಕೆಲಸ ಏನು?

ಓಡುವ ಕಾರಿನಲ್ಲಿ ಶಕ್ತಿ ತುಂಬಿರುತ್ತದೆ. ಅದನ್ನು ಶಾಖವಾಗಿ ಬದಲಿಸಿ ಗಾಳಿಗೆ ಬಿಡುವುದೇ ಬ್ರೇಕಿನ ಕೆಲಸ. ಈ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಹಳೆಯ ಎರಡು ಲೇನ್ ರಸ್ತೆಯಲ್ಲಿ 60ರ ಮೇಲೆ ಹೋಗುವುದೇ ಕಷ್ಟವಿತ್ತು. ಕೇರಳದಲ್ಲಿ 2023ರ ಜುಲೈಯಿಂದ ಆರು ಲೇನ್ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 110 ಕಿಲೋಮೀಟರ್ ವರೆಗೆ ಅವಕಾಶವಿದೆ. (ಜಾಗದಲ್ಲಿ ಕಡಿಮೆ ವೇಗದ ಫಲಕ ಇದ್ದರೆ ಅದೇ ಮಿತಿ.) 60 ಮತ್ತು 110ರ ನಡುವೆ ವೇಗದ ವ್ಯತ್ಯಾಸ ಎರಡು ಪಟ್ಟೂ ಇಲ್ಲ. ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿ. 1,200 ಕಿಲೋ ತೂಕದ ಕಾರನ್ನು 110ರಿಂದ ಪೂರ್ತಿ ನಿಲ್ಲಿಸುವಾಗ ಹೊರಬರುವ ಶಾಖ ಸುಮಾರು 560 ಕಿಲೋಜೂಲ್. ನಲ್ಲಿಯಿಂದ ಹಿಡಿದ ಹತ್ತಿರ ಹತ್ತಿರ ಎರಡು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಒಲೆಯ ಮೇಲಿಟ್ಟರೆ ಅದಕ್ಕೆ ಎಷ್ಟೋ ನಿಮಿಷ ಬೇಕು. ಬ್ರೇಕ್ ಅಷ್ಟು ಶಾಖವನ್ನು ನಾಲ್ಕೇ ಸೆಕೆಂಡಿನಲ್ಲಿ ಹುಟ್ಟಿಸುತ್ತದೆ.

ಆ ಶಾಖದ ಬಹುಪಾಲು ಹೋಗುವುದು ಮುಂದಿನ ಚಕ್ರಗಳ ಎರಡು ಡಿಸ್ಕಿಗೆ, ಅಂದರೆ ಬ್ರೇಕಿನ ತಟ್ಟೆಗಳಿಗೆ. ಒಂದೊಂದು ಡಿಸ್ಕ್ 6 ಕಿಲೋ ಇದೆ ಅಂತಿಟ್ಟುಕೊಳ್ಳಿ. 70 ಶೇಕಡಾ ಕೆಲಸ ಮುಂದಿನವೇ ಮಾಡುತ್ತವೆ ಅಂದುಕೊಂಡರೆ, ಒಂದು ಸಲ 110ರಿಂದ ನಿಲ್ಲಿಸಿದರೆ ಡಿಸ್ಕಿನ ಬಿಸಿ ಸುಮಾರು 70 ಡಿಗ್ರಿ ಏರುತ್ತದೆ. ಒಂದು ಸಲಕ್ಕೆ ಅದೇನೂ ದೊಡ್ಡದಲ್ಲ. ತಣಿಯಲು ಬಿಡದೆ ಮತ್ತೆ ಮತ್ತೆ ಒತ್ತಿದಾಗ ಮಾತ್ರ ಕಷ್ಟ.

ಅಂಥ ಕಷ್ಟ ನಮ್ಮವರಿಗೆ ಎದುರಾಗುವುದು ಹೆದ್ದಾರಿಯಲ್ಲಿ ಅಲ್ಲ, ಘಟ್ಟದಲ್ಲಿ. ಮುಳ್ಳೇರಿಯ, ಆದೂರು, ಜಾಲ್ಸೂರು ದಾರಿಯಾಗಿ ಮಡಿಕೇರಿಗೆ ಹೋಗಿ ಬರುವವರು ಎಷ್ಟೋ ಜನ ಇದ್ದಾರೆ. ಮಡಿಕೇರಿಯಿಂದ ಸಂಪಾಜೆ ಘಾಟಿಯಲ್ಲಿ ಸುಳ್ಯಕ್ಕೆ ಇಳಿಯುವಾಗ ಎತ್ತರ ಸುಮಾರು ಸಾವಿರ ಮೀಟರ್ ಕಡಿಮೆಯಾಗುತ್ತದೆ. ಅದೇ 1,200 ಕಿಲೋ ಕಾರು ಸಾವಿರ ಮೀಟರ್ ಇಳಿದರೆ ಕಳೆಯಬೇಕಾದ ಶಕ್ತಿ, 110ರಿಂದ ಇಪ್ಪತ್ತೊಂದು ಸಲ ನಿಲ್ಲಿಸಿದಷ್ಟು. ಇದರಲ್ಲಿ ಒಂದು ಪಾಲನ್ನು ಗಾಳಿ ಮತ್ತು ಎಂಜಿನ್ ತಗೊಳ್ಳುತ್ತವೆ. ಸಣ್ಣ ಗೇರಿನಲ್ಲಿ ಇಳಿದರೆ ಎಂಜಿನಿನ ಪಾಲು ಜಾಸ್ತಿ. ನ್ಯೂಟ್ರಲ್ ಹಾಕಿ ಇಳಿದರೆ ಎಂಜಿನಿನದ್ದು ಏನೂ ಇಲ್ಲ, ಭಾರವೆಲ್ಲ ಡಿಸ್ಕಿನ ಮೇಲೆ. ಯಾವ ಗಾಡಿಯ ಕ್ಯಾಲಿಪರ್ ಹಾಕಿಸಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಪೆಡಲಿನಿಂದ ಡಿಸ್ಕಿನವರೆಗೆ

ಪೆಡಲ್ ಒತ್ತಿದಾಗ ಅದರ ಹಿಂದಿನ ಕೋಲು ಮಾಸ್ಟರ್ ಸಿಲಿಂಡರಿನ ಪಿಸ್ಟನನ್ನು ತಳ್ಳುತ್ತದೆ. ನಡುವೆ ದುಂಡಗಿನ ಡಬ್ಬದಂತೆ ಕಾಣುವ ಬೂಸ್ಟರ್ ಇರುತ್ತದೆ. ಎಂಜಿನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತವನ್ನು ಬಳಸಿ ಅದು ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡ ಬ್ರೇಕ್ ಆಯಿಲ್ ಮೂಲಕ ಕಬ್ಬಿಣದ ಸಣ್ಣ ಪೈಪ್, ರಬ್ಬರ್ ಹೋಸ್ ದಾಟಿ ಕ್ಯಾಲಿಪರಿಗೆ ತಲುಪುತ್ತದೆ.

ಚಕ್ರದ ಜೊತೆ ತಿರುಗುವ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ತಬ್ಬಿದ ಹಾಗೆ ಕೂತಿರುವ ಲೋಹದ ಭಾಗ ಕ್ಯಾಲಿಪರ್. ಅದರೊಳಗೆ ಪಿಸ್ಟನ್, ಪಿಸ್ಟನಿನ ಎದುರು ಪ್ಯಾಡ್. ಒತ್ತಡ ಬಂದಾಗ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ.

ಕಾಲು ತೆಗೆದಾಗ ಪಿಸ್ಟನ್ ಹಿಂದೆ ಹೋಗುವುದು ಹೇಗೆ? ಅಲ್ಲಿ ಸ್ಪ್ರಿಂಗ್ ಇಲ್ಲ. ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ಹೊರತೆಗೆದು, ಒಳಗೆ ಬೆರಳು ಹಾಕಿದರೆ ಗೋಡೆಯಲ್ಲಿ ಒಂದು ತೋಡು ಸಿಗುತ್ತದೆ. ಅದರಲ್ಲಿ ಒಂದು ರಬ್ಬರ್ ಉಂಗುರ ಕೂತಿರುತ್ತದೆ. ಅದು ದುಂಡಗಿನ ದಾರದಂತೆ ಇರುವುದಿಲ್ಲ, ಅಂಚುಗಳು ಚೌಕವಾಗಿರುತ್ತವೆ. ಪಿಸ್ಟನ್ ಮುಂದೆ ಬರುವಾಗ ಈ ಉಂಗುರ ಅದಕ್ಕೆ ಅಂಟಿಕೊಂಡು ಸ್ವಲ್ಪ ಮುಂದಕ್ಕೆ ವಾಲುತ್ತದೆ. ಒತ್ತಡ ಹೋದ ಕೂಡಲೇ ನೆಟ್ಟಗಾಗುತ್ತದೆ, ಆಗ ಪಿಸ್ಟನನ್ನೂ ಜೊತೆಗೆ ಹಿಂದಕ್ಕೆಳೆಯುತ್ತದೆ. ಆಯಿಲ್ ಸೋರದ ಹಾಗೆ ತಡೆಯುವುದೂ ಅದೇ, ಪಿಸ್ಟನನ್ನು ಹಿಂದಕ್ಕೆ ತರುವುದೂ ಅದೇ. ಹಳೆಯ ಕ್ಯಾಲಿಪರ್ ತಂದು ಬಣ್ಣ ಬಳಿದು ಹಾಕುವವರು ಈ ಸಣ್ಣ ಉಂಗುರ ಬದಲಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಗಟ್ಟಿಯಾದ ರಬ್ಬರ್ ವಾಲುವುದಿಲ್ಲ. ಪ್ಯಾಡ್ ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ. ಗಾಡಿ ಓಡುತ್ತಾ ಓಡುತ್ತಾ ಚಕ್ರ ಬಿಸಿಯಾಗುತ್ತದೆ.

ಪಿಸ್ಟನ್ ಎಷ್ಟು ಅನ್ನುವುದಕ್ಕಿಂತ ಎಷ್ಟು ಅಗಲ ಅನ್ನುವುದು ಮುಖ್ಯ

ಕ್ಯಾಲಿಪರಿನಲ್ಲಿ ಎರಡು ಬಗೆ. ಸಾಮಾನ್ಯ ಕಾರುಗಳಲ್ಲಿ ಇರುವುದು ಜಾರುವ ಬಗೆ. ಅದರಲ್ಲಿ ಒಳಗಡೆ ಮಾತ್ರ ಪಿಸ್ಟನ್. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಅಷ್ಟೇ ಬಲದಿಂದ ಎಳೆದು ಒತ್ತುತ್ತದೆ. ಇನ್ನೊಂದು ಜಾರದ ಬಗೆ. ಅದು ಗಟ್ಟಿಯಾಗಿ ಬೋಲ್ಟ್ ಆಗಿರುತ್ತದೆ. ಡಿಸ್ಕಿನ ಎರಡೂ ಕಡೆ ಪಿಸ್ಟನ್‌ಗಳಿರುತ್ತವೆ. ನಾಲ್ಕು ಪಿಸ್ಟನ್, ಆರು ಪಿಸ್ಟನ್ ಅಂತ ಹೇಳುವುದೆಲ್ಲ ಈ ಬಗೆಯವು.

ನಾಲ್ಕು ಪಿಸ್ಟನ್ ಅಂದ ಕೂಡಲೇ ನಾಲ್ಕು ಪಟ್ಟು ಬಲ ಅಂತ ತುಂಬಾ ಜನ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ಜಾರುವ ಕ್ಯಾಲಿಪರಿನಲ್ಲಿ 54 ಮಿಲಿಮೀಟರಿನ ಒಂದೇ ಪಿಸ್ಟನ್ ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 2,290 ಚದರ ಮಿಲಿಮೀಟರ್. ನಾಲ್ಕು ಪಿಸ್ಟನಿನ ಕ್ಯಾಲಿಪರಿನಲ್ಲಿ ಒಂದು ಕಡೆಗೆ 38 ಮಿಲಿಮೀಟರಿನವು ಎರಡು ಇದ್ದರೆ ಒಟ್ಟು ಸುಮಾರು 2,270. ಲೆಕ್ಕಕ್ಕೆ ಬರುವುದು ಒಂದು ಕಡೆಯದ್ದು ಮಾತ್ರ, ಯಾಕೆಂದರೆ ಇನ್ನೊಂದು ಕಡೆಯವು ಅದಕ್ಕೆ ಎದುರಾಗಿ ಒತ್ತಿ ಸರಿದೂಗಿಸುತ್ತವೆ. ಅಂದರೆ ಅದೇ ಒತ್ತಡಕ್ಕೆ ಎರಡೂ ಕ್ಯಾಲಿಪರ್ ಹಿಡಿಯುವ ಬಲ ಹೆಚ್ಚುಕಡಿಮೆ ಒಂದೇ! ಜೋರಾಗಿ ಒತ್ತಿದಾಗ ಪೈಪಿನಲ್ಲಿ 50 ಬಾರ್ ಒತ್ತಡ ಬಂದರೆ, ಎರಡರಲ್ಲೂ ಒಂದು ಪ್ಯಾಡಿನ ಬೆನ್ನಿಗೆ ಬೀಳುವುದು 1,150 ಕಿಲೋ ಆಸುಪಾಸಿನ ಬಲ.

ಹಾಗಾದರೆ ನಾಲ್ಕು ಪಿಸ್ಟನಿನಿಂದ ಲಾಭ ಏನೂ ಇಲ್ಲವಾ? ಇದೆ. ಉದ್ದನೆಯ ಪ್ಯಾಡನ್ನು ಎರಡು ಕಡೆಯಿಂದ ಒತ್ತುವುದರಿಂದ ಬಲ ಸಮನಾಗಿ ಹಂಚಿಹೋಗುತ್ತದೆ. ಪ್ಯಾಡ್ ದೊಡ್ಡದಿದ್ದರೆ ನಿಧಾನವಾಗಿ ಸವೆಯುತ್ತದೆ, ಶಾಖವೂ ಹರಡಿಕೊಳ್ಳುತ್ತದೆ. ಜಾರುವ ಪಿನ್ ಇಲ್ಲದ್ದರಿಂದ ಅದು ಜಾಮ್ ಆಗುವ ಪ್ರಶ್ನೆಯಿಲ್ಲ. ಒಳ್ಳೆಯ ಜಾರದ ಕ್ಯಾಲಿಪರ್ ಒತ್ತಡಕ್ಕೆ ಕಡಿಮೆ ಬಾಗುತ್ತದೆ, ಹಾಗಾಗಿ ಪೆಡಲ್ ಕಾಲಿಗೆ ಗಟ್ಟಿಯಾಗಿ, ಹೇಳಿದಷ್ಟೇ ಹಿಡಿಯುವಂತೆ ಅನಿಸುತ್ತದೆ. ವೇಗವಾಗಿ ಓಡಿಸುವವರಿಗೆ ಈ ಹಿಡಿತದ ಅಂದಾಜು ದೊಡ್ಡ ವಿಷಯ.

ಪಿಸ್ಟನ್ ನಿಜವಾಗಿಯೂ ದೊಡ್ಡದಿದ್ದರೆ? ಒಂದು ಕಡೆಗೆ 43 ಮಿಲಿಮೀಟರಿನವು ಎರಡು ಅಂತಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 2,900, ಅಂದರೆ ಕಾಲು ಪಾಲಿಗಿಂತ ಜಾಸ್ತಿ. ಅದೇ ಕಾಲಿನ ಬಲಕ್ಕೆ ಹಿಡಿತವೂ ಅಷ್ಟು ಜಾಸ್ತಿ. ಆದರೆ ದೊಡ್ಡ ಪಿಸ್ಟನನ್ನು ಅಷ್ಟೇ ದೂರ ಸರಿಸಲು ಜಾಸ್ತಿ ಆಯಿಲ್ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಕೆಲವೊಮ್ಮೆ ನೆಲಕ್ಕೆ ಹತ್ತಿರವಾಗುತ್ತದೆ.

ಅದಕ್ಕೆ ಮಾಸ್ಟರ್ ಸಿಲಿಂಡರನ್ನೂ ದೊಡ್ಡದು ಮಾಡುತ್ತಾರೆ. ಒಂದಿಂಚಿನ ಎಂಟು ಭಾಗದಲ್ಲಿ ಏಳರದ್ದನ್ನು ತೆಗೆದು ಹದಿನಾರರಲ್ಲಿ ಹದಿನೈದರದ್ದು ಹಾಕಿದರೆ, ಅಂದರೆ 22.2 ಮಿಲಿಮೀಟರಿನಿಂದ 23.8ಕ್ಕೆ ಹೋದರೆ, ಒಂದೇ ಒತ್ತಿಗೆ 15 ಶೇಕಡಾ ಜಾಸ್ತಿ ಆಯಿಲ್ ಹೋಗುತ್ತದೆ. ಪೆಡಲ್ ಮೇಲೆ ಬರುತ್ತದೆ. ಆದರೆ ಅದೇ ಕಾಲಿನ ಬಲಕ್ಕೆ ಒತ್ತಡ ಸುಮಾರು 13 ಶೇಕಡಾ ಕಡಿಮೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕೊಡಬೇಕಾಗುತ್ತದೆ. ಇದನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಪಿಕಪ್ಪಿನ ಕ್ಯಾಲಿಪರ್ ಸ್ಪೋರ್ಟ್ಸ್ ಕಾರಿಗೆ

ಈ ತರದ ಬದಲಾವಣೆಗೆ ಹೆಸರಾದ ಉದಾಹರಣೆ ಡಾಟ್ಸನ್ 240ಝಡ್. 1969ರಲ್ಲಿ ಜಪಾನಿನ ನಿಸ್ಸಾನ್ ಕಂಪನಿ ಹೊರತಂದ, 2.4 ಲೀಟರಿನ ಆರು ಸಿಲಿಂಡರ್ ಎಂಜಿನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಕ್ಯಾಲಿಪರಿನಲ್ಲಿ ಎರಡು ಪಿಸ್ಟನ್. ಅಮೆರಿಕದ ಮಾಲೀಕರು ಅದಕ್ಕೆ ಟೊಯೋಟಾದ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ಪಿನ ನಾಲ್ಕು ಪಿಸ್ಟನಿನ ಕ್ಯಾಲಿಪರ್ ಹಾಕಲು ಶುರು ಮಾಡಿದರು. ಭಾರದ ಪಿಕಪ್ಪಿಗೆ ಮಾಡಿದ್ದು, ಗಟ್ಟಿ ಇದೆ. ಗುಜರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಬೋಲ್ಟಿನ ತೂತುಗಳ ಅಂತರವೂ ಹೊಂದುತ್ತಿತ್ತು. ಡಿಸ್ಕಿನ ಹಿಂದಿನ ತಗಡನ್ನು ಕತ್ತರಿಸಿದರೆ ಅಥವಾ ತೆಗೆದರೆ ಕೂರುತ್ತಿತ್ತು. ಪೆಡಲ್ ತಗ್ಗಾದಾಗ ಅದೇ ಕಂಪನಿಯ ಮುಂದಿನ ಮಾದರಿಯಾದ 280ಝಡ್‌ಎಕ್ಸಿನ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರು. ಮೇಲೆ ಹೇಳಿದ ಏಳು ಎಂಟಾಂಶದಿಂದ ಹದಿನೈದು ಹದಿನಾರಾಂಶದ ಲೆಕ್ಕ ಇಲ್ಲಿಯದೇ. ಬ್ರಿಟನ್ನಿನ ಟ್ರಯಂಫ್ ಟಿಆರ್6ಕ್ಕೂ ಟೊಯೋಟಾ ಕ್ಯಾಲಿಪರ್ ಹಾಕುವವರಿದ್ದಾರೆ. ನಿಸ್ಸಾನ್ 240ಎಸ್‌ಎಕ್ಸಿಗೆ 300ಝಡ್‌ಎಕ್ಸಿನ ಅಲ್ಯೂಮಿನಿಯಂ ಕ್ಯಾಲಿಪರ್ ಹಾಕುವುದೂ ಅಷ್ಟೇ ಪ್ರಸಿದ್ಧ.

ಈ ಜೋಡಿಗಳು ಹೆಸರು ಮಾಡಿದ್ದು ಪಿಕಪ್ ದೊಡ್ಡದು ಅನ್ನುವ ಕಾರಣಕ್ಕಲ್ಲ. ತೂತಿನ ಅಂತರ, ಡಿಸ್ಕಿನ ದಪ್ಪ, ಪಿಸ್ಟನಿನ ವಿಸ್ತೀರ್ಣ, ಮಾಸ್ಟರ್ ಸಿಲಿಂಡರ್, ಹಿಂದಿನ ಬ್ರೇಕ್ ಎಲ್ಲವನ್ನೂ ಎಷ್ಟೋ ಜನ ವರ್ಷಗಟ್ಟಲೆ ಹಾಕಿ, ಬಿಚ್ಚಿ, ಅಳೆದು ನೋಡಿದ ಮೇಲೆ ಇದು ಹೊಂದುತ್ತದೆ ಅಂತ ಗೊತ್ತಾಯಿತು. ನಮ್ಮಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಕಾರು ಇಟ್ಟುಕೊಂಡವರು ಅದೇ ಕಂಪನಿ ಗುಂಪಿನ ದೊಡ್ಡ ಕಾರಿನ ಕ್ಯಾಲಿಪರ್ ಮತ್ತು ಡಿಸ್ಕ್ ಹುಡುಕುವುದೂ ಇದೇ ಕಾರಣಕ್ಕೆ. ಒಂದೇ ಮನೆತನದ ಗಾಡಿಗಳಲ್ಲಿ ಅಳತೆ ಹೊಂದುವ ಸಾಧ್ಯತೆ ಜಾಸ್ತಿ.

ಕೊನೆಗೆ ಗಾಡಿ ನಿಲ್ಲಿಸುವುದು ಟಯರ್

ಕ್ಯಾಲಿಪರ್ ನಿಲ್ಲಿಸುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟಯರು ಮತ್ತು ರಸ್ತೆಯ ನಡುವಿನ ಹಿಡಿತ. ಈಗಿನ ಬ್ರೇಕ್ ಸರಿಯಾಗಿದ್ದು, ಪೆಡಲನ್ನು ಜೋರಾಗಿ ಒತ್ತಿದರೆ ಚಕ್ರ ತಿರುಗದೆ ಲಾಕ್ ಆಗುತ್ತದೆ ಅಥವಾ ಹಾಗಾಗದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡುತ್ತದೆ ಅಂತಾದರೆ, ಟಯರಿನ ಮಿತಿ ಆಗಲೇ ಮುಟ್ಟಿಯಾಯಿತು. ಆಮೇಲೆ ಕ್ಯಾಲಿಪರ್ ಎಷ್ಟು ದೊಡ್ಡದಾದರೂ ಒಂದು ಸಲದ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ.

ಒಣ ರಸ್ತೆಯಲ್ಲಿ ಟಯರಿನ ಹಿಡಿತ ಗಾಡಿಯ ತೂಕದ 0.8 ಪಾಲು ಅಂತಿಟ್ಟರೆ 110ರಿಂದ ನಿಲ್ಲಲು ಸುಮಾರು 60 ಮೀಟರ್ ಬೇಕು. ಅಪಾಯ ಕಂಡು ಕಾಲು ಪೆಡಲಿಗೆ ಬರಲು ಒಂದು ಸೆಕೆಂಡ್ ಹಿಡಿದರೆ ಅದರೊಳಗೇ 30 ಮೀಟರ್ ಹೋಗಿಯಾಗಿರುತ್ತದೆ. ಒಟ್ಟು 90. ಜೂನಿನ ಮಳೆಯಲ್ಲಿ ಹಿಡಿತ ಅರ್ಧಕ್ಕಿಳಿದರೆ ಬ್ರೇಕ್ ಹಾಕಿದ ಮೇಲಿನ ದೂರವೇ 120 ಮೀಟರಿಗೆ ಬರುತ್ತದೆ. ಸರ್ವಿಸ್ ರೋಡಿನಿಂದ ಸ್ಕೂಟರ್ ತಟ್ಟನೆ ನುಗ್ಗಿದಾಗ ಕೈಯಲ್ಲಿರುವ ಲೆಕ್ಕ ಇದು. ಇರುವ ಹಣದಲ್ಲಿ ಒಂದನ್ನೇ ಬದಲಿಸುವುದಾದರೆ ನಾನು ಟಯರ್ ಅಂತಲೇ ಹೇಳುವೆ. ನಮ್ಮ ಮಳೆಗಂತೂ ಸವೆದ ಟಯರಿನ ಮೇಲೆ ದುಬಾರಿ ಕ್ಯಾಲಿಪರ್ ಹಾಕಿ ಪ್ರಯೋಜನವಿಲ್ಲ.

ದೊಡ್ಡ ಬ್ರೇಕಿನ ನಿಜವಾದ ಲಾಭ ಹತ್ತನೆಯ ಸಲ ಒತ್ತುವಾಗ ಗೊತ್ತಾಗುತ್ತದೆ. ಸಣ್ಣ ಡಿಸ್ಕ್ ಕಾದು, ಪ್ಯಾಡ್ ಹಿಡಿತ ಬಿಟ್ಟಾಗ ದೊಡ್ಡದು ಇನ್ನೂ ಹಿಡಿಯುತ್ತಿರುತ್ತದೆ.

ಮುಂದೆ ಎಷ್ಟು, ಹಿಂದೆ ಎಷ್ಟು

ಬ್ರೇಕ್ ಹಾಕಿದಾಗ ಗಾಡಿಯ ಮೂತಿ ಬಗ್ಗುತ್ತದೆ, ಅಲ್ವಾ? ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟಯರಿಗೆ ಹಿಡಿತ ಜಾಸ್ತಿ, ಹಿಂದಿನದಕ್ಕೆ ಕಡಿಮೆ. ಅದಕ್ಕೇ ಕಂಪನಿಯವರು ಮುಂದೆ ದೊಡ್ಡ ಬ್ರೇಕ್, ಹಿಂದೆ ಸಣ್ಣದು ಇಡುತ್ತಾರೆ. ಹಿಂದಿನ ಒತ್ತಡ ಮಿತಿ ಮೀರದ ಹಾಗೆ ವಾಲ್ವ್ ಇಡುತ್ತಾರೆ. ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಎಬಿಎಸ್ ಜೊತೆಗಿರುವ ಇಬಿಡಿ ನೋಡಿಕೊಳ್ಳುತ್ತದೆ.

ಮುಂದೆ ಮಾತ್ರ ದೊಡ್ಡ ಪಿಸ್ಟನ್ ಹಾಕಿದರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ. ಹಿಂದಿನ ಟಯರಿಗೆ ಇನ್ನೂ ಶಕ್ತಿ ಇದ್ದರೂ ಅದು ಬಳಕೆಯಾಗುವುದಿಲ್ಲ. ನಿಲ್ಲುವ ದೂರ ಮೊದಲಿಗಿಂತ ಜಾಸ್ತಿಯಾಗಬಹುದು. ಲಾಕ್ ಆದ ಮುಂದಿನ ಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಗಾಡಿ ನೇರ ಹೋಗುತ್ತದೆ. ಹಿಂದೆ ಜಾಸ್ತಿ ಮಾಡಿದರೆ ಇನ್ನೂ ಅಪಾಯ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿಯ ಹಿಂಭಾಗ ಅಡ್ಡಕ್ಕೆ ಬಂದು ಗಾಡಿ ಸುತ್ತಿಬಿಡುತ್ತದೆ. ಅದನ್ನು ಸರಿಪಡಿಸುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ.

ಭಾರತದಲ್ಲಿ 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆ ಎಬಿಎಸ್ ಕಡ್ಡಾಯ. ಎಷ್ಟು ಒತ್ತಡಕ್ಕೆ ಚಕ್ರ ಎಷ್ಟು ನಿಧಾನವಾಗುತ್ತದೆ ಅನ್ನುವ ಅಂದಾಜು ಅದರ ಪ್ರೋಗ್ರಾಮಿನಲ್ಲಿ ಮೊದಲೇ ಇರುತ್ತದೆ. ಆ ಅಂದಾಜು ಹಳೆಯ ಕ್ಯಾಲಿಪರಿನದ್ದು. ಪಿಸ್ಟನಿನ ವಿಸ್ತೀರ್ಣ ಮೂಲದ ಹತ್ತಿರವೇ ಇರುವ ಕ್ಯಾಲಿಪರ್ ಆರಿಸಿದರೆ ಎಬಿಎಸ್‌ಗೆ ಗೊಂದಲ ಕಡಿಮೆ.

ಕೂರುತ್ತಾ, ಇಲ್ಲವಾ?

ಬೋಲ್ಟಿನ ತೂತುಗಳ ಅಂತರ ಮೊದಲ ಪ್ರಶ್ನೆ. ಆಮೇಲೆ ಡಿಸ್ಕಿನ ದಪ್ಪ. ಗಾಳಿ ಹೋಗಲು ನಡುವೆ ಕಿಂಡಿ ಇರುವ ಡಿಸ್ಕ್ ದಪ್ಪ ಇರುತ್ತದೆ, ಗಟ್ಟಿ ಡಿಸ್ಕ್ ತೆಳು. ಒಂದಕ್ಕೆ ಮಾಡಿದ ಕ್ಯಾಲಿಪರ್ ಇನ್ನೊಂದಕ್ಕೆ ಆಗುವುದಿಲ್ಲ. ತೆಳು ಡಿಸ್ಕಿಗೆ ಅಗಲದ ಕ್ಯಾಲಿಪರ್ ಹಾಕಿದರೆ ಪ್ಯಾಡ್ ಸವೆಯುತ್ತಾ ಹೋದಂತೆ ಪಿಸ್ಟನ್ ಅತಿಯಾಗಿ ಹೊರಗೆ ಬರುತ್ತದೆ. ಕ್ಯಾಲಿಪರಿನ ನಡು ಮತ್ತು ಡಿಸ್ಕಿನ ನಡು ಒಂದೇ ಗೆರೆಯಲ್ಲಿರಬೇಕು. ರಿಮ್ಮಿನ ಒಳಗೆ ಮತ್ತು ಕಡ್ಡಿಗಳ ಹಿಂದೆ ಜಾಗ ಉಳಿದಿರಬೇಕು. ಹಿಂದಿನ ಕ್ಯಾಲಿಪರ್ ಬದಲಿಸುವುದಾದರೆ ಹ್ಯಾಂಡ್‌ಬ್ರೇಕಿನ ಕೇಬಲ್ ಎಲ್ಲಿ ಸಿಕ್ಕಿಸುವುದು ಅಂತ ಮೊದಲೇ ನೋಡಬೇಕು.

ಇಲ್ಲಿ ತುಂಬಾ ಜನ ಎಡವುವ ಜಾಗವೊಂದಿದೆ. ಕ್ಯಾಲಿಪರಿನ ಮೇಲೆ ಏರ್ ತೆಗೆಯುವ ಸಣ್ಣ ನಿಪ್ಪಲ್ ಇರುತ್ತದೆ. ಗಾಳಿ ಮೇಲಕ್ಕೆ ಏರುವುದರಿಂದ ಆ ನಿಪ್ಪಲ್ ಮೇಲ್ಗಡೆಯೇ ಇರಬೇಕು. ಎಡಗಡೆಯದ್ದನ್ನು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಮೇಲೆ ಎಷ್ಟು ಸಲ ಪೆಡಲ್ ಪಂಪ್ ಮಾಡಿದರೂ ಮೇಲೆ ಸಿಕ್ಕಿಕೊಂಡ ಗಾಳಿ ಹೊರಬರುವುದಿಲ್ಲ. ಪೆಡಲ್ ಸ್ಪಂಜಿನ ಹಾಗೆಯೇ ಉಳಿಯುತ್ತದೆ. ಕೆಲವು ಗಾಡಿಗಳಲ್ಲಿ ಕ್ಯಾಲಿಪರ್ ಚಕ್ರದ ನಡುವಿನಿಂದ ಮುಂದೆ ಇರುತ್ತದೆ, ಕೆಲವದರಲ್ಲಿ ಹಿಂದೆ. ಹಾಗಾಗಿ ಆ ಗಾಡಿಯ ಎಡಗಡೆಯದ್ದು ಈ ಗಾಡಿಯ ಬಲಕ್ಕೇ ಸರಿಯಾಗಿ ಬರುವುದೂ ಉಂಟು. ಎಡ ಬಲ ಅಂತ ಚೀಟಿ ನೋಡಿ ಹಾಕದೆ ನಿಪ್ಪಲ್ ನೋಡಿ ಹಾಕಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ಕ್ಯಾಲಿಪರ್‌ಗಳಲ್ಲಿ ಒಂದೇ ಕಡೆಯ ಎರಡು ಪಿಸ್ಟನ್ ಒಂದೇ ಅಳತೆ ಇರುವುದಿಲ್ಲ. ತಿರುಗುವ ಡಿಸ್ಕ್ ಕ್ಯಾಲಿಪರಿನೊಳಗೆ ಬರುವ ತುದಿಯಲ್ಲಿ ಸಣ್ಣದು, ಹೊರಹೋಗುವ ತುದಿಯಲ್ಲಿ ದೊಡ್ಡದು. ಪ್ಯಾಡ್ ಒಂದು ತುದಿಯಲ್ಲಿ ಮಾತ್ರ ಸವೆಯಬಾರದು ಅಂತ ಹೀಗೆ ಮಾಡುತ್ತಾರೆ. ಅಂಥದ್ದನ್ನು ಹಾಕುವಾಗ ನಿಪ್ಪಲ್ ಮೇಲಿದೆಯಾ, ಸಣ್ಣ ಪಿಸ್ಟನ್ ಡಿಸ್ಕ್ ಒಳಬರುವ ಕಡೆಗಿದೆಯಾ, ಎರಡನ್ನೂ ನೋಡಬೇಕು.

ತೂತು ಹೊಂದದಿದ್ದರೆ ನಡುವೆ ಬ್ರಾಕೆಟ್ ಬೇಕು. ಲೇತಿನಲ್ಲಿ ಒಂದು ತುಂಡು ಕಬ್ಬಿಣ ಕೊರೆಸಿದರೆ ಆಯಿತು ಅಂತ ಸುಲಭವಾಗಿ ಹೇಳುತ್ತಾರೆ. ಆ ತುಂಡಿನ ಮೇಲೆ ಬೀಳುವ ಬಲ ಎಷ್ಟು ಗೊತ್ತಾ? 1,200 ಕಿಲೋ ಕಾರಿಗೆ ಒಣ ರಸ್ತೆಯಲ್ಲಿ ಪೂರ್ತಿ ಬ್ರೇಕ್ ಹಾಕಿದರೆ ಮುಂದಿನ ಒಂದೊಂದು ಬ್ರಾಕೆಟ್ ತಡೆಯಬೇಕಾದದ್ದು 900 ಕಿಲೋಗಿಂತಲೂ ಜಾಸ್ತಿ. ಅದೂ ಒಂದೇ ಸಲ ಅಲ್ಲ, ಸಾವಿರಾರು ಸಲ. ಯಾವ ಲೋಹ ಅಂತ ಗೊತ್ತಿಲ್ಲದ ತುಂಡು, ಅಳತೆ ತಪ್ಪಿದ ತೂತು, ಮೂಲೆಯಲ್ಲಿ ಬೆಸುಗೆ ಇದ್ದರೆ ಅದು ಒಂದು ದಿನ ಬಿರುಕು ಬಿಡುತ್ತದೆ. ಬ್ರಾಕೆಟ್ ಬೇಕೇ ಬೇಕು ಅಂತಾದರೆ ಆ ಜೋಡಿಗೆಂದೇ ಲೆಕ್ಕ ಹಾಕಿ ತಯಾರಿಸಿದ್ದನ್ನು ಮಾತ್ರ ಹಾಕಬೇಕು. ಈ ಒಂದು ವಿಷಯದಲ್ಲಿ ಉಳಿತಾಯ ನೋಡಬಾರದು.

ಬ್ರೇಕ್ ಆಯಿಲ್ ಕುದಿಯುತ್ತದೆ

ಕ್ಯಾಲಿಪರ್ ಕಾದಾಗ ಒಳಗಿನ ಆಯಿಲೂ ಕಾಯುತ್ತದೆ. ಅದು ಕುದಿದರೆ ಗುಳ್ಳೆ ಬರುತ್ತದೆ. ಆಯಿಲನ್ನು ಅಮುಕಲಾಗದು, ಗುಳ್ಳೆಯನ್ನು ಅಮುಕಬಹುದು. ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಗಾಡಿ ಹಿಡಿಯುವುದಿಲ್ಲ. ಬ್ರೇಕ್ ಆಯಿಲಿನ ದರ್ಜೆಯನ್ನು ಡಾಟ್ ಅಂತ ಹೇಳುತ್ತಾರೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು. ಡಾಟ್ 4ಕ್ಕೆ ಇದು 230, ಡಾಟ್ 5.1ಕ್ಕೆ 260.

ಇದು ಹೊಸ ಆಯಿಲಿನ ಲೆಕ್ಕ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. 3.7 ಶೇಕಡಾ ನೀರು ಸೇರಿದಾಗಿನ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155, ಡಾಟ್ 5.1ಕ್ಕೆ 180 ಡಿಗ್ರಿ. ಕಡಲ ಕರೆಯ ನಮ್ಮ ಊರುಗಳಲ್ಲಿ, ಅರ್ಧ ವರ್ಷ ಮಳೆ ಇರುವಲ್ಲಿ, ಆಯಿಲ್ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳ್ಳೆಯದು. ಬಾಟ್ಲಿ ಒಡೆದಿಟ್ಟು ಉಳಿದದ್ದನ್ನು ಮುಂದಿನ ವರ್ಷ ಹಾಕುವುದು ಬೇಡ. ಡಾಟ್ 5 ಅನ್ನುವುದು ಸಿಲಿಕೋನಿನದ್ದು, ಬೇರೆಯೇ ಜಾತಿ. ಅದನ್ನು ಉಳಿದವುಗಳ ಜೊತೆ ಬೆರೆಸಲೇಬಾರದು.

ಶೆಡ್ಡಿನಲ್ಲಿ ನಿಂತ ಕಾರು

ನಮ್ಮ ಕಡೆ ಗಲ್ಫಿನಲ್ಲಿರುವವರ ಕಾರು ವರ್ಷದಲ್ಲಿ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಟರ್ಪಾಲ್ ಅಡಿಯಲ್ಲೇ ಇರುತ್ತದೆ. ಊರಿಗೆ ಬಂದಾಗ ಬ್ರೇಕ್ ಹಿಡಿಯುವುದಿಲ್ಲ ಅನಿಸುತ್ತದೆ, ದೊಡ್ಡ ಕ್ಯಾಲಿಪರ್ ಬೇಕು ಅನಿಸುತ್ತದೆ. ಹೆಚ್ಚಿನ ಸಲ ಬೇಕಾಗಿರುವುದು ಹೊಸದಲ್ಲ, ರಿಪೇರಿ. ಉಪ್ಪು ಗಾಳಿಗೆ ಜಾರುವ ಪಿನ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಆಗ ಒಳಗಿನ ಪ್ಯಾಡ್ ಮಾತ್ರ ಕೆಲಸ ಮಾಡುತ್ತದೆ. ಚಕ್ರ ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ತಗಡಿನ ತನಕ ಸವೆದಿರುತ್ತದೆ, ಹೊರಗಿನದು ಅರ್ಧವೂ ಹೋಗಿರುವುದಿಲ್ಲ. ಪಿಸ್ಟನಿನ ಧೂಳಿನ ರಬ್ಬರ್ ಹರಿದಿದ್ದರೆ ಅದರಡಿಯಲ್ಲಿ ಕೆಂಪು ಪುಡಿ, ಪಿಸ್ಟನಿನ ಮೈಮೇಲೆ ಸೂಜಿಮೊನೆಯಷ್ಟು ಹೊಂಡಗಳು. ಪಿನ್ ಬದಲಿಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ಸೀಲ್ ಕಿಟ್ ಹಾಕಿ, ಹೊಸ ಪ್ಯಾಡ್ ಮತ್ತು ಆಯಿಲ್ ಹಾಕಿದರೆ ತುಂಬಾ ಕಾರುಗಳಿಗೆ ಅಷ್ಟೇ ಸಾಕಾಗುತ್ತದೆ. ಗುಜರಿಯಿಂದ ತಂದ ಕ್ಯಾಲಿಪರಿಗೂ ಇದೇ ಪರೀಕ್ಷೆ ಆಗಬೇಕು.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕ್ಯಾಲಿಪರಿಗೆ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸಿನವರಿಗೂ ಬರೆದು ತಿಳಿಸಿ.

ಹಾಕಿಸಿದ ಮೇಲೆ

ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಅಲ್ಲ, ಟಾರ್ಕ್ ರೆಂಚಿನಲ್ಲಿ ಬಿಗಿಸಬೇಕು. ಹೋಸ್ ಸೇರುವಲ್ಲಿ ಹಳೆಯ ತಾಮ್ರದ ವಾಷರ್ ತೆಗೆದು ಹೊಸದು ಹಾಕಬೇಕು. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಳೆಯುತ್ತದಾ, ಟಯರಿಗೆ ತಾಗುತ್ತದಾ ಅಂತ ನೋಡಬೇಕು. ಗಾಡಿ ಜ್ಯಾಕಿನ ಮೇಲಿದ್ದಾಗ ಒಮ್ಮೆ, ಚಕ್ರ ನೆಲ ಮುಟ್ಟಿದ ಮೇಲೆ ಇನ್ನೊಮ್ಮೆ. ಗಾಡಿ ಅಲುಗಾಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಹೊಸ ಕ್ಯಾಲಿಪರಿನಲ್ಲಿ ಪಿಸ್ಟನ್ ಹಿಂದೆ ಇರುವುದರಿಂದ ಮೊದಲ ಒಂದೆರಡು ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ. ಗ್ಯಾರೇಜಿನ ಅಂಗಳದಲ್ಲೇ ಗಾಡಿ ಗೋಡೆಗೆ ಹೋಗಿ ಗುದ್ದುವುದು ಹೀಗೆಯೇ.

ಹೊಸ ಪ್ಯಾಡ್ ಡಿಸ್ಕಿನ ಜೊತೆ ಹೊಂದಿಕೊಳ್ಳಲು ಸಮಯ ಬೇಕು. ವಾಹನ ಇಲ್ಲದ ನೇರ ರಸ್ತೆಯಲ್ಲಿ 60ರಿಂದ 20ಕ್ಕೆ ಮಧ್ಯಮ ಒತ್ತಿನಿಂದ ಕೆಲವು ಸಲ ಇಳಿಸಬೇಕು. ಪೂರ್ತಿ ನಿಲ್ಲಿಸಬಾರದು, ನಡುವೆ ತಣಿಯಲು ಬಿಡಬೇಕು. ಪ್ಯಾಡ್ ಕಂಪನಿಯವರು ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಬೇಕು. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಚಕ್ರ ಬಿಚ್ಚಿ ಬೋಲ್ಟ್ ಬಿಗಿ ನೋಡಿ, ಹೋಸ್ ಸೇರುವ ಜಾಗ ಬೆರಳಿಂದ ಒರೆಸಿ ಒದ್ದೆ ಇದೆಯಾ ನೋಡಿ, ಬಾನೆಟ್ ಎತ್ತಿ ಆಯಿಲಿನ ಮಟ್ಟ ನೋಡಿ. ಪ್ಯಾಡ್ ಎರಡೂ ಕಡೆ ಒಂದೇ ಸಮ ಸವೆಯುತ್ತಿದೆಯಾ ಅನ್ನುವುದನ್ನು ಮೊದಲ ಸರ್ವೀಸಿನಲ್ಲೇ ಅಳೆಸಿ. ಒಂದು ಕಡೆ ಜಾಸ್ತಿ ಸವೆದಿದ್ದರೆ ಕ್ಯಾಲಿಪರ್ ಡಿಸ್ಕಿನ ನಡುವಿಗೆ ಕೂತಿಲ್ಲ ಅಥವಾ ಒಂದು ಪಿಸ್ಟನ್ ಸಿಕ್ಕಿಕೊಂಡಿದೆ ಅಂತ ಅರ್ಥ. ಅದನ್ನು ಬಿಚ್ಚಿ ಸರಿಮಾಡುವ ತನಕ ಗಾಡಿಯನ್ನು ಘಟ್ಟಕ್ಕೆ ಒಯ್ಯಬೇಡಿ.